ತಡವಾಗಿ ಬರುವ ದನಿ

೨೦೨೩ನೆಯ ಇಸವಿಯ ಫೆಬ್ರವರಿ ಒಂಬತ್ತು, ಗುರುವಾರ, ಬೆಳಿಗ್ಗೆ ಹತ್ತೂಕಾಲು ಗಂಟೆ. ಗುರುಗಳ ಮನೆಯ ಪಡಸಾಲೆಯಲ್ಲಿ ಕುಳಿತು ನಾನು ಈ ಪ್ರಶ್ನೆ ಕೇಳಿದೆ.

"ಅಗಲಿದವರು ಮತ್ತೆ ಸೇರುವ ಆಸೆ ಉಳಿದಿರುವವರೆಗೆ ಅದು ಶೃಂಗಾರ, ವಿಪ್ರಲಂಭ. ಆ ಆಸೆ ಅಳಿದ ಮೇಲೆ ಕರುಣ. ನೀವು ನಮಗೆ ಕಲಿಸಿದ್ದು ಹಾಗೆ. ಆದರೆ ನಾನು ಈಗ ನೋಡುತ್ತಿರುವ ಚಿತ್ರಗಳಲ್ಲಿ ಸತ್ತವಳು ಗಾಳಿಯಾಗಿ ಬಂದು ಪ್ರಿಯನ ಅಂಗಿಯ ಗುಂಡಿ ಬಿಚ್ಚುತ್ತಾಳೆ. ಸತ್ತವನು ಹಾಸಿಗೆಯ ಅಂಚಿನಲ್ಲಿ ಕುಳಿತು ಹೆಂಡತಿಯ ಕಾಲುಂಗುರ ತಿರುಗಿಸುತ್ತಾನೆ. ಅಲ್ಲಿ ಸಾವು ಗಡಿಯೇ ಅಲ್ಲ. ಹಾಗಿದ್ದರೆ ಶೃಂಗಾರ ಮುಗಿದು ಕರುಣ ಮೊದಲಾಗುವುದು ಎಲ್ಲಿ?"

ನನಗೆ ಅಲಂಕಾರಶಾಸ್ತ್ರ ಕಲಿಸಿದವರು ಇವರು. ನಿವೃತ್ತಿಯವರೆಗೂ ನಾನು ಅದನ್ನೇ ಕಲಿಸಿದೆ. ಬರುವ ಭಾನುವಾರ ಮೈಸೂರಿನ ಒಂದು ಚಿತ್ರೋತ್ಸವದಲ್ಲಿ ನನ್ನ ಉಪನ್ಯಾಸವಿತ್ತು. ಎಲ್ಲವನ್ನೂ ಬರೆದಿದ್ದೆ, ಕೊನೆ ಮಾತ್ರ ಬಂದಿರಲಿಲ್ಲ.

ಗುರುಗಳು ನಕ್ಕರು. "ಕಾಲೇಜಿನಲ್ಲೂ ಹೀಗೇ ಮಾಡುತ್ತಿದ್ದೆ. ಪ್ರಬಂಧವೆಲ್ಲ ನಿನ್ನದು, ಕೊನೆಯ ಪ್ಯಾರಾ ನನ್ನ ತಲೆಗೆ. ಇರಲಿ. ಯಜಮಾನರು ಹೇಗಿದ್ದಾರೆ?"

"ಹಾಗೆಯೇ ಇದ್ದಾರೆ. ಪಾರ್ಶ್ವವಾಯು ಆದ ಮೇಲೆ ಮಾತು ಸರಿಯಾಗಿ ಬರುವುದಿಲ್ಲ. ಏನೋ ಹೇಳಲು ತೊಡಗುತ್ತಾರೆ. ಬಹಳ ಹೊತ್ತು ಕಾದರೆ ಒಂದು ಶಬ್ದ ಬರುತ್ತದೆ. ನೋಡಿಕೊಳ್ಳಲು ಒಬ್ಬ ಹುಡುಗಿಯನ್ನು ಇಟ್ಟಿದ್ದೇನೆ."

"ನೀನು ಮೈಸೂರಿಗೆ ಹೋದಾಗ?"

"ಹುಡುಗಿ ಇರುತ್ತಾಳೆ."

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಹೆಂಡತಿ ಚಿತ್ರಗಳಿಗೆ ಕಂಠದಾನ ಮಾಡುವವಳು. ತೆರೆಯ ಮೇಲೆ ತುಟಿ ಅಲುಗಿಸುವವಳು ಯಾರೋ ಒಬ್ಬ ನಟಿ. ಆ ತುಟಿಗೆ ದನಿ ಕೊಡುವವಳು ಇವಳು. ಕತ್ತಲ ಕೋಣೆಯಲ್ಲಿ ನಿಂತು, ನಟಿಯ ತುಟಿ ತೆರೆಯುವುದನ್ನೇ ಕಾದು, ಅದು ತೆರೆದೊಡನೆ ಮಾತು ಬಿಡಬೇಕು. ಮಾತಷ್ಟೇ ಅಲ್ಲ, ಅಳು, ಬಿಕ್ಕು, ನಿಟ್ಟುಸಿರು ಎಲ್ಲವನ್ನೂ ಅವಳೇ ಕೊಡಬೇಕು. ಚಿತ್ರದಲ್ಲಿ ಅವಳ ಹೆಸರು ಇರುತ್ತಿರಲಿಲ್ಲ.

ಮನೆಯಲ್ಲಿ ಮಗ್ಗದ ಸದ್ದು. ನೇಕಾರರ ಮನೆಯಲ್ಲಿ ದೂರ ನಿಂತು ಆಡಿದ ಮಾತು ಕೇಳಿಸುವುದಿಲ್ಲ. ಏನು ಹೇಳಬೇಕಾದರೂ ಅವಳು ಬಂದು ಗಂಡನ ಕಿವಿಗೆ ಬಾಯಿ ಹಚ್ಚಿ ಹೇಳುತ್ತಿದ್ದಳು. ಉಪ್ಪು ಮುಗಿದಿದೆ ಎಂಬುದನ್ನೂ ಹಾಗೆಯೇ ಹೇಳುತ್ತಿದ್ದಳು. ಆದುದರಿಂದ ಮಾತಾಡುವಾಗ ಅವಳ ತುಟಿ ಹೇಗೆ ಅಲುಗುತ್ತದೆ ಎಂಬುದನ್ನು ಅವನು ನೋಡಿದವನೇ ಅಲ್ಲ. ಅವಳ ಉಸಿರಿನ ಬಿಸಿಯನ್ನು ಮಾತ್ರ ಬಲ್ಲ. ಉಪ್ಪಿನ ವಿಷಯಕ್ಕೂ ಅವನ ಕುತ್ತಿಗೆ ನವಿರೇಳುತ್ತಿತ್ತು. ಇದಕ್ಕಾಗಿಯೇ ಅವನು ಕೆಲವು ಸಲ ಮೊದಲ ಸಲಕ್ಕೆ ಕೇಳಿಸಲಿಲ್ಲ ಎನ್ನುತ್ತಿದ್ದ.

ಅವಳಿಗೆ ಅದು ಗೊತ್ತಿತ್ತು. ಎರಡನೆಯ ಸಲ ಇನ್ನೂ ಮೆಲ್ಲಗೆ ಹೇಳುತ್ತಿದ್ದಳು.

ಅವಳು ಗಂಡನನ್ನು ಎಂದೂ ಹೆಸರು ಹಿಡಿದು ಕರೆದಿರಲಿಲ್ಲ. ಒಂದು ದಿನ ಅವನು ಕೆಣಕಿದ. "ತೆರೆಯ ಮೇಲಿನ ಗಂಡಸರನ್ನೆಲ್ಲ ಹೆಸರು ಹಿಡಿದು ಕರೆಯುತ್ತೀ. ನನ್ನದೊಂದು ಬಾಯಿಗೆ ಬರುವುದಿಲ್ಲವೇನೇ?"

"ಅವೆಲ್ಲ ಇನ್ನೊಬ್ಬಳ ತುಟಿಯಿಂದ ಕರೆದ ಹೆಸರುಗಳು. ನಿಮ್ಮದನ್ನು ನನ್ನ ತುಟಿಯಿಂದಲೇ ಕರೆಯಬೇಕಲ್ಲ" ಎಂದಳು. "ಕರೆಯುತ್ತೇನೆ ಬಿಡಿ. ಒಂದು ದಿನ."

ವರ್ಷಗಳು ಕಳೆದವು. ಅವಳ ದನಿಗೆ ಒಂದು ಅಭ್ಯಾಸ ಅಂಟಿತು. ಬೇರೆಯವರ ತುಟಿಯನ್ನು ಕಾದು ಕಾದು ಅದು ಕಾಯುವುದನ್ನೇ ಕಲಿತಿತ್ತು. ಅವಳ ಸ್ವಂತ ತುಟಿ ಅಲುಗಿದಾಗಲೂ ಒಡನೆ ಹೊರಡದಾಯಿತು. ಮೊದಮೊದಲು ರೆಪ್ಪೆ ಬಡಿಯುವಷ್ಟು ತಡ. ಕಿವಿಯಿಂದ ಅವಳು ಬಾಯಿ ತೆಗೆದ ಮೇಲೆ ಮಾತು ಕೇಳಿಸುತ್ತಿತ್ತು. ಆಮೇಲೆ ತಡ ಬೆಳೆಯಿತು. ಊಟಕ್ಕೆ ಬನ್ನಿ ಎಂದು ಕರೆದದ್ದು ಅವನು ಉಂಡು ಕೈ ತೊಳೆದ ಮೇಲೆ ಕೇಳಿಸಿತು. ಬೆಳಿಗ್ಗೆ ಆಡಿದ್ದು ಸಂಜೆಗೆ ಬಂತು. ಬರುವುದು ಮಾತ್ರ ಎಲ್ಲಿ ತುಟಿ ಅಲುಗಿತ್ತೋ ಅದೇ ಜಾಗಕ್ಕೆ, ಆಡಿದ ಕ್ರಮದಲ್ಲಿಯೇ, ಒಂದೇ ಒಂದು ಸಲ.

ಸ್ಟುಡಿಯೋದಲ್ಲಿ ಈ ತೊಂದರೆ ಇರಲಿಲ್ಲ. ಅಲ್ಲಿ ತುಟಿ ಅವಳದಲ್ಲವಲ್ಲ.

ಗಂಡಹೆಂಡಿರು ಇದಕ್ಕೆ ಹೊಂದಿಕೊಂಡರು. ಹೊಂದಿಕೊಂಡರು ಎನ್ನುವುದೂ ಸರಿಯಲ್ಲ, ಸುಖಪಟ್ಟರು. ಅವಳು ಬೆಳಿಗ್ಗೆ ಮಗ್ಗದ ಬಳಿ ಬಂದು ಅವನ ಕಿವಿಗೆ ಏನೋ ಉಸಿರಿ ಸ್ಟುಡಿಯೋಗೆ ಹೊರಟುಹೋಗುವಳು. ಇಳಿಹೊತ್ತಿಗೆ ಅವನೊಬ್ಬನೇ ನೇಯುತ್ತಿರುವಾಗ ಆ ಮಾತು ಬಂದು ಕಿವಿಯನ್ನು ಮುಟ್ಟುವುದು. ಅವನು ನೇಯುತ್ತಲೇ ಕೆಂಪಾಗುವನು. ಹೆಂಡತಿ ಮನೆಯಲ್ಲಿಲ್ಲದ ಹೊತ್ತಿನಲ್ಲೂ ಮನೆಯಲ್ಲಿ ಹೆಂಡತಿ ಇರುತ್ತಿದ್ದಳು.

ಆ ವರ್ಷ ಅವಳು ಒಂದು ಚಿತ್ರಕ್ಕೆ ದನಿ ಕೊಟ್ಟಳು. ಅದರಲ್ಲಿ ನಾಯಕಿ ಸಾಯುತ್ತಾಳೆ. ಸತ್ತು ಮಳೆಯಾಗಿ ನಾಯಕನ ಮೇಲೆ ಸುರಿಯುತ್ತಾಳೆ. ಮಳೆ ಮಾತಾಡುತ್ತದೆ. ನೋಡಿದವರು ಒದ್ದೆ ಬಟ್ಟೆಯಲ್ಲಿ ಚಿತ್ರಮಂದಿರದಿಂದ ಹೊರಗೆ ಬಂದರು. ಹೆಂಗಸರು ಸೆರಗು ಹಿಂಡಿಕೊಂಡು ಮನೆಗೆ ನಡೆದರು. ಎಲ್ಲರೂ ನಟಿಯನ್ನು ಹೊಗಳಿದರು.

ನೇಕಾರನೂ ನೋಡಿದ. ಮಳೆ ಬಿಟ್ಟ ಒಂದು ನಿಟ್ಟುಸಿರು ಅವನಿಗೆ ಗುರುತಾಯಿತು. ಅದು ಅವನ ಮನೆಯದು. ಅವನಿಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಮುಂದೆ ಅವಳು ಕಾಯಿಲೆ ಬಿದ್ದಳು. ಎದೆಯ ರೋಗ. ಮಗ್ಗದ ಪಕ್ಕದಲ್ಲಿಯೇ ಮಂಚ ಹಾಕಿದರು. ದೇಹ ಇಳಿದಂತೆ ಮಾತಿನ ತಡ ಹೆಚ್ಚಿತು. ಇವತ್ತು ಕೇಳಿದ ಕಷಾಯ ಎರಡು ಮೂರು ದಿನಕ್ಕೆ ಅವನಿಗೆ ಕೇಳಿಸುತ್ತಿತ್ತು. ಅವನು ಅವಳ ಕಣ್ಣು ನೋಡಿ ಊಹಿಸಿ ಕೊಡುತ್ತಿದ್ದ.

ಕೊನೆಯ ದಿನ ಅವಳು ಕೈ ಎತ್ತಿ ಅವನನ್ನು ಕರೆದಳು. ಅವನು ಮಗ್ಗ ನಿಲ್ಲಿಸಿ ಬಂದು ಬಾಗಿದ. ಅವಳು ಅವನ ಕಿವಿಗೆ ಬಾಯಿ ಹಚ್ಚಿದಳು. ಉಸಿರು ಬಂತು. ಬಿಸಿಯಾಗಿ, ನಿಂತು ನಿಂತು, ಒಂದಿಡೀ ಮಾತಿನಷ್ಟು ಉದ್ದ ಬಂತು. ಶಬ್ದ ಬರಲಿಲ್ಲ. ಕಿವಿಗೆ ಹಚ್ಚಿದ ಬಾಯಿ ಅಲ್ಲಿಯೇ ತಣ್ಣಗಾಯಿತು.

ಬಂಧುಗಳು ಬಂದು ಅವಳನ್ನು ಎತ್ತಿದರು. ಅವನು ಜೊತೆಗೆ ಹೋಗಲಿಲ್ಲ. ಅವಳ ಅಣ್ಣನೇ ಮುಂದೆ ನಡೆದ. ಕಲ್ಲುಮನಸ್ಸಿನವನು ಎಂದು ಜನ ಬೈದರು. ಅವನು ಬರಿ ಮಂಚದ ತಲೆದಿಂಬಿನ ಬಳಿ ಕುಳಿತಿದ್ದ. ಅವಳು ಆಡಿದ ಮಾತು ಇನ್ನೂ ದಾರಿಯಲ್ಲಿದೆ, ಅದು ಬರುವಾಗ ನಾನು ಇಲ್ಲಿರಬೇಕು ಎಂದು ಯಾರಿಗೆ ಹೇಳುವುದು?

ಅವನು ಮಗ್ಗ ನಿಲ್ಲಿಸಿದ. ಮನೆಯಲ್ಲಿ ಸದ್ದು ಮಾಡುವುದನ್ನೆಲ್ಲ ಹೊರಗಿಟ್ಟ. ದುಃಖ ಕೇಳಲು ಬಂದವರನ್ನು ಬಾಗಿಲಿನಿಂದಲೇ ಕಳಿಸಿದ.

ಮೊದಲು ಹಳೆಯ ಮಾತುಗಳು ಬಂದವು. ಕಿಟಕಿ ತೆಗೆಯಿರಿ ಎಂದಿತು ದನಿ. ಅವನು ತೆಗೆದ. ಕಷಾಯ ಕಹಿ, ಬೆಲ್ಲ ಹಾಕಿ ಎಂದಿತು. ಅವನು ಕಷಾಯ ಕಾಸಿ, ಬೆಲ್ಲ ಹಾಕಿ, ಬರಿ ಮಂಚದ ಬಳಿ ಇಟ್ಟ. ನೀವು ಉಂಡಿರಾ ಎಂದಿತು. ಉಂಡೆ ಎಂದು ಸುಳ್ಳು ಹೇಳಿದ. ಆ ದಿನಗಳಲ್ಲಿ ಅವನು ವಿಧುರನಾಗಿರಲಿಲ್ಲ. ರೋಗಿಯ ಗಂಡನಾಗಿದ್ದ.

ಆಮೇಲೆ ಒಂದು ಬೆಳಿಗ್ಗೆ ದನಿ, ಇಲ್ಲಿ ಬನ್ನಿ ಎಂದಿತು. ಕೊನೆಯ ದಿನ ಕೈ ಎತ್ತಿ ಕರೆದಾಗ ಆಡಿದ್ದು ಅದು. ಮುಂದಿನದೇ ಕೊನೆಯ ಮಾತು. ಅವನು ಅಂದಿನಂತೆಯೇ ಬಂದು, ಅಂದಿನಂತೆಯೇ ಬಾಗಿ, ತಲೆದಿಂಬಿನ ಕಡೆಗೆ ಕಿವಿ ಕೊಟ್ಟ.

ಮಾತು ಬರಲಿಲ್ಲ. ಆ ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ. ದಿನಗಳು ಹೋದವು. ಬಾಗಿದ ಬೆನ್ನು ಹಾಗೆಯೇ ನಿಂತಿತು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಅವನಿಗೆ ಅವಳ ದನಿ ಹೇಗಿತ್ತು ಎಂಬುದೇ ಮಸುಕಾಗತೊಡಗಿತು. ಆ ದನಿ ಬಂದಾಗ ಗುರುತು ಹಿಡಿಯದೆ ಹೋದರೆ ಎಂಬ ಭಯ ಹುಟ್ಟಿತು.

ಆಗ ಬೀದಿಯಲ್ಲಿ ಒಂದು ಆಟೋ ಹೋಯಿತು. ಅದರ ಮೈಕಿನಲ್ಲಿ ಆ ಮಳೆಯ ಚಿತ್ರದ ಹೆಸರು ಕೂಗಿದರು. ಊರಿನ ಚಿತ್ರಮಂದಿರಕ್ಕೆ ಅದು ಮರಳಿ ಬಂದಿತ್ತು. ಇವತ್ತೇ ಕಡೆಯ ದಿನ, ಮ್ಯಾಟಿನಿಯೇ ಕಡೆಯ ಆಟ ಎಂದರು.

ಅವನು ಯೋಚಿಸಿದ. ಇಲ್ಲಿ ಯಾವಾಗ ಬರುವುದೋ ತಿಳಿಯದ ಒಂದು ಮಾತು. ಅಲ್ಲಿ ಖಂಡಿತವಾಗಿ ಬರುವ ದನಿ. ಒಂದು ಸಲ ಕೇಳಿ, ನೆನಪು ಗಟ್ಟಿಮಾಡಿಕೊಂಡು, ಓಡಿ ಬಂದುಬಿಡುತ್ತೇನೆ ಎಂದುಕೊಂಡ. ಇಷ್ಟು ದಿನ ಬಾರದ್ದು ಈ ಮಧ್ಯಾಹ್ನವೇ ಬರುವುದೇ?

ಹೋದ. ತೆರೆಯ ಮೇಲೆ ನಾಯಕಿ ಸತ್ತಳು, ಮಳೆ ಸುರಿಯಿತು. ಅವನು ತೊಯ್ದ. ಅವಳ ದನಿ ಅವನ ಕೂದಲಿಗೆ ಇಳಿಯಿತು, ಕೊರಳಿಗೆ ಇಳಿಯಿತು, ಅಂಗಿಯೊಳಗೆ ಇಳಿಯಿತು. ಯಾರೋ ಬರೆದ ಮಾತುಗಳು. ಯಾರದೋ ತುಟಿ. ಕರೆದದ್ದು ಬೇರೊಬ್ಬನ ಹೆಸರು. ಆದರೂ ಅವನು ಕಣ್ಣು ಮುಚ್ಚಿ ಬಾಯಿ ತೆರೆದು ಆ ನೀರನ್ನು ಕುಡಿದ. ಓಡಿ ಬರಬೇಕು ಎಂದುಕೊಂಡವನು ಚಿತ್ರ ಮುಗಿದು ದೀಪ ಹತ್ತುವವರೆಗೂ ಏಳಲಿಲ್ಲ.

ಮನೆಗೆ ಬಂದಾಗ ಜಗುಲಿಯ ಮೇಲೆ ಬಳೆಗಾರ್ತಿ ಕುಳಿತಿದ್ದಳು. ಅವಳು ಆ ಬೀದಿಗೆ ಬರುವುದು ವರ್ಷಕ್ಕೆ ಒಂದೇ ಸಲ. ನಡೆದದ್ದು ಏನೂ ಅವಳಿಗೆ ತಿಳಿಯದು.

"ಇದೇನಪ್ಪಾ, ನೀನು ಬೀದಿಯಿಂದ ಬರುತ್ತಿದ್ದೀ! ಅದೂ ತೊಪ್ಪನೆ ತೊಯ್ದುಕೊಂಡು!" ಎಂದಳು. "ಒಳಗೆ ನಿನ್ನ ಹೆಂಡತಿ ನಿನ್ನ ಜೊತೆ ಮಾತಾಡುತ್ತಿದ್ದಾಳೆ ಅಂತ ನಾನು ಇಲ್ಲಿ ಕೂತಿದ್ದೇನೆ."

ಅವನು ಕಂಬ ಹಿಡಿದುಕೊಂಡ. "ಏನೆಂದಳು?"

"ಒಳ್ಳೆಯ ಪ್ರಶ್ನೆ ಕೇಳುತ್ತೀ! ಗಂಡಹೆಂಡಿರ ಮಾತಿಗೆ ಕಿವಿ ಕೊಡುವವಳೇ ನಾನು? ಊರೂರು ತಿರುಗುವವಳು, ನಾಲ್ಕು ಮನೆಯ ಮರ್ಯಾದೆ ಬಲ್ಲೆ."

"ತಾಯಿ, ಒಂದು ಶಬ್ದ ಕೇಳಿದ್ದರೂ ಹೇಳು."

ಬಳೆಗಾರ್ತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ನಿನ್ನ ಹೆಸರು ಹಿಡಿದು ಕರೆದಳಪ್ಪಾ. ಇಷ್ಟು ವರ್ಷ ಬಂದಿದ್ದೇನೆ, ಅವಳ ಬಾಯಲ್ಲಿ ಕೇಳಿದ್ದಿಲ್ಲ. ಹೊಸ್ತಿಲ ಬಳಿ ನಿಂತಿದ್ದೆ, ನನಗೇ ನಾಚಿಕೆಯಾಯಿತು. ಎರಡೂ ಕಿವಿ ಮುಚ್ಚಿಕೊಂಡು ಈಚೆ ಬಂದುಬಿಟ್ಟೆ."

"ಹೆಸರಿನ ಮುಂದೆ?"

"ಮುಂದೆ ಬಹಳ ಹೊತ್ತು ಆಡಿದಳು, ಮುಚ್ಚಿದ ಕಿವಿಗೂ ಗುಂಗುಂ ಎನ್ನುತ್ತಿತ್ತು. ನಾನು ಕೈ ತೆಗೆದಾಗ ನಿಂತಿತ್ತು. ಕರೆ ಅವಳನ್ನು, ಹಸಿರು ಬಳೆ ತಂದಿದ್ದೇನೆ. ಅವಳ ಕೈಯಳತೆ ನನಗೆ ಗೊತ್ತು."

ನೇಕಾರ ಒಳಗೆ ಹೋದ. ತಲೆದಿಂಬಿಗೆ ಕಿವಿ ಹಚ್ಚಿದ. ಅಲ್ಲಿ ಏನೂ ಇರಲಿಲ್ಲ. ಹೊರಗಿನಿಂದ ಬಳೆಗಾರ್ತಿ ಎರಡು ಸಲ ಕೂಗಿದಳು. ಅವನು ಎದ್ದು ಮಗ್ಗ ಹತ್ತಿದ. ಆ ಮನೆಯಲ್ಲಿ ಮಗ್ಗದ ಸದ್ದು ಆಮೇಲೆ ನಿಲ್ಲಲಿಲ್ಲ. ಉಣ್ಣುವಾಗಲೂ ಒಂದು ಕಾಲನ್ನು ಮಗ್ಗದ ಮೇಲೆಯೇ ಇಟ್ಟಿರುತ್ತಿದ್ದ ಎನ್ನುತ್ತಾರೆ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ನಾನು ಲೇಖನಿಯ ಮುಚ್ಚಳ ತೆಗೆದೆ. "ಹಾಗಿದ್ದರೆ ಕರುಣ ಮೊದಲಾದದ್ದು ಅವಳು ಸತ್ತಾಗ ಅಲ್ಲ" ಎಂದೆ. "ಅವಳು ಸತ್ತ ಮೇಲೂ ಅದು ಶೃಂಗಾರವೇ ಆಗಿತ್ತು. ಅವನು ಹೊಸ್ತಿಲು ದಾಟಿದಾಗ ಗಡಿ ಬಂತು. ನನ್ನ ಉಪನ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಕೊನೆ ಸಿಕ್ಕುವುದಿಲ್ಲ. ಒಂದೇ ಸಂದೇಹ. ಹೆಸರಿನ ಮುಂದೆ ಅವಳು ಹೇಳಿದ್ದೇನು?"

ಗುರುಗಳು ನನ್ನ ಲೇಖನಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಈಗ ನಿನ್ನ ಜಗುಲಿಯ ಮೇಲೆ ಕುಳಿತಿರುವ ಬಳೆಗಾರ್ತಿಯ ಹೆಸರೇನು?" ಎಂದರು.

ಮನೆಯಲ್ಲಿ ಅವರನ್ನು ನೋಡಿಕೊಳ್ಳುವ ಹುಡುಗಿಯ ಹೆಸರು ನನ್ನ ನಾಲಿಗೆಯ ತುದಿಗೆ ಬಂತು. ಲೇಖನಿಗೆ ಮುಚ್ಚಳ ಹಾಕಿ ನಮಸ್ಕರಿಸಿ ಎದ್ದೆ.

ಮೈಸೂರಿಗೆ ಹೋಗದಿರಲು ನಿರ್ಧರಿಸಿದೆ.