ಭಟ್ಟಿಯ ಗೋಡೆ

“ಗುರುಗಳೇ, ಪಕ್ಕದ ಕೋಣೆಯ ಅಡಿವೆಯ್ಯಜ್ಜನನ್ನು ಗೋಶಾಲೆಯ ಕಡೆಗೆ ಕಳಿಸಬಾರದೇ?”

ಶಿಷ್ಯ ಗುರುಪಾದ ಹೀಗೆ ಕೇಳಿದಾಗ ಮಾಗಿಯ ಎಳೆಬಿಸಿಲು ಮಠದ ಅಂಗಳಕ್ಕೆ ಆಗಷ್ಟೇ ಇಳಿದಿತ್ತು. ಗುರುಗಳು ಶಾಲು ಹೊದ್ದು ಕಟ್ಟೆಯ ಮೇಲೆ ಕುಳಿತಿದ್ದರು.

“ಯಾಕಪ್ಪಾ, ಅಜ್ಜ ಏನು ಮಾಡಿದರು?”

“ಕೆಟ್ಟದ್ದೇನೂ ಮಾಡಿಲ್ಲ. ನಾನು ದಿನವೂ ನಸುಕಿನಲ್ಲಿ ಧ್ಯಾನಕ್ಕೆ ಕೂರುತ್ತೇನೆ. ಈ ಚಳಿಯಲ್ಲೂ ಒಂದು ದಿನ ತಪ್ಪಿಸಿಲ್ಲ. ಆದರೆ ಅಜ್ಜ ಆ ಕಡೆ ಕೆಮ್ಮುತ್ತಾರೆ, ತಂಬಿಗೆ ಉರುಳಿಸುತ್ತಾರೆ, ಗಟ್ಟಿಯಾಗಿ ಪದ ಹೇಳುತ್ತಾರೆ. ನಾನು ಕೂಡಿಟ್ಟ ಏಕಾಗ್ರತೆಯೆಲ್ಲ ಸೋರಿಹೋಗುತ್ತದೆ. ಕಿಟಕಿಯ ಸಂದಿಗೆ ಬಟ್ಟೆ ತುರುಕಿದೆ. ಬಾಗಿಲಿಗೆ ಗೋಣಿ ಕಟ್ಟಿದೆ. ಗೋಡೆಗೆ ಏನು ಮಾಡಲಿ?”

ಗುರುಗಳು ನಕ್ಕರು. ಗೋಡೆಯ ಮಾತು ಬಂದಿತಲ್ಲ, ಒಬ್ಬ ಕಂಬಳಿ ನೇಕಾರನ ಗೋಡೆಯ ಕತೆ ಕೇಳು ಎಂದು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ಕಂಬಳಿ ನೇಕಾರನಿದ್ದ. ಊರಿಗೆಲ್ಲ ಬೆಚ್ಚಗಿನ ಕಂಬಳಿ ನೇಯ್ದುಕೊಡುವವನು. ಅವನ ಮನೆ ಮಾತ್ರ ಗಾಳಿಗೆ ಬಿಟ್ಟ ಮನೆ. ಮೇಲೆ ಹೊದಿಸಿದ ಮಣ್ಣಿನ ಮಾಳಿಗೆ ಬಿರುಕು ಬಿಟ್ಟಿತ್ತು. ಬಾಗಿಲ ಕೆಳಗೆ ಬೆಕ್ಕು ನುಸುಳುವಷ್ಟು ಸಂದಿಯಿತ್ತು. ಬೆಳಕಿಗೆಂದು ಮಾಳಿಗೆಯಲ್ಲಿ ಬಿಟ್ಟ ಗವಾಕ್ಷಿಗೆ ಮುಚ್ಚಳವೇ ಇರಲಿಲ್ಲ. ಹೆಂಡತಿ ವರ್ಷ ವರ್ಷವೂ ಹೇಳುತ್ತಿದ್ದಳು. ಅವನು ವರ್ಷ ವರ್ಷವೂ ಹೂಂ ಅನ್ನುತ್ತಿದ್ದ. ಚಳಿ ಜಾಸ್ತಿಯಾದರೆ ಒಲೆಗೆ ಇನ್ನೊಂದಿಷ್ಟು ಕಟ್ಟಿಗೆ ತಳ್ಳಿ ಮಲಗುತ್ತಿದ್ದ.

ಹೀಗಿರುವಾಗ ಮಗಳು ಬಾಣಂತನಕ್ಕೆಂದು ತವರಿಗೆ ಬಂದಳು. ಚಳಿಗಾಲ ಶುರುವಾದ ಹೊತ್ತಿಗೆ, ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸು ಅಂಗೈಯಲ್ಲಿ ಹಿಡಿಯುವಷ್ಟಿತ್ತು. ಸೂಲಗಿತ್ತಿ ಅದನ್ನು ಅರಳೆಯಲ್ಲಿ ಸುತ್ತಿ ಬಾಣಂತಿಯ ಎದೆಯ ಮೇಲಿಟ್ಟಳು.

“ಇದಕ್ಕ ಕಾವು ಬೇಕು. ಚಳಿ ತಾಗಿದರ ಉಳಿಯೂದು ಕಷ್ಟ,” ಎಂದಳು.

ಅಜ್ಜನಾದ ನೇಕಾರ ಇಷ್ಟು ವರ್ಷ ಹೂಂ ಅಂದ ಕೆಲಸಕ್ಕೆ ಆವತ್ತೇ ಕೈ ಹಚ್ಚಿದ. ಮಗ್ಗ ಬಿಟ್ಟು ಮಾಳಿಗೆ ಹತ್ತಿದ. ಹೊಸ ಮಣ್ಣು ಹಾಕಿ, ತುಳಿದು, ಬಿರುಕುಗಳನ್ನೆಲ್ಲ ಮುಚ್ಚಿದ. ಹಳೆಯ ಕಂಬಳಿಯನ್ನು ಮಡಚಿ ಹೊಲಿದು ಬಾಗಿಲ ಸಂದಿಗೆ ಬಡಿದ. ಗವಾಕ್ಷಿಗೆ ಹಗಲು ತೆಗೆದು ರಾತ್ರಿ ಮುಚ್ಚುವಂಥ ಹಲಗೆ ಮಾಡಿಸಿದ. ಬಾಣಂತಿ ಕೋಣೆಯ ನೆಲಕ್ಕೆ ಜೋಳದ ಮೇವು ಹರಡಿ ಅದರ ಮೇಲೆ ಕಂಬಳಿ ಹಾಸಿದ. ಮನೆ ಮನೆಯಂತಾಯಿತು. ಮೊದಲು ಒಂದು ದಿನಕ್ಕೆ ಸಾಲದಿದ್ದ ತೊಗರಿಕಟ್ಟಿಗೆಯ ಹೊರೆ ಈಗ ಮರುದಿನಕ್ಕೂ ಉಳಿಯಿತು. ಕೂಸು ಮೊಲೆ ಹಿಡಿಯಿತು.

“ಮಾಡೂದು ಇಷ್ಟ ಇತ್ತು ನೋಡ್ರಿ,” ಎಂದಳು ಹೆಂಡತಿ. ಅವನು ಅದಕ್ಕೂ ಹೂಂ ಅಂದ.

ಅಲ್ಲಿಗೇ ನಿಲ್ಲಿಸಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಸಂದಿ ಮುಚ್ಚಲು ಹೊರಟವನ ಕಣ್ಣಿಗೆ ಆಮೇಲೆ ಎಲ್ಲೆಲ್ಲೂ ಸಂದಿಯೇ ಕಾಣುತ್ತದೆ.

ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಚುರುಮುರಿ, ಅಂದರೆ ಮಂಡಕ್ಕಿ, ಹುರಿಯುವ ಭಟ್ಟಿ ಇಟ್ಟುಕೊಂಡಿದ್ದಳು. ಎರಡು ಮನೆಗೂ ನಡುವೆ ಒಂದೇ ಗೋಡೆ. ಭಟ್ಟಿ ಆ ಗೋಡೆಗೆ ಅಂಟಿಕೊಂಡೇ ಇತ್ತು. ಕೋಳಿ ಕೂಗುವ ಹೊತ್ತಿಗೆ ಅವಳು ಬೆಂಕಿ ಹಾಕಿದರೆ ಮಧ್ಯಾಹ್ನ ಕಳೆಯುವವರೆಗೂ ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅರಳುತ್ತಿತ್ತು. ಜರಡಿಯ ಸದ್ದು ಈ ಕಡೆಗೆ ಕೇಳುತ್ತಿತ್ತು. ತೊಲೆಯ ಸಂದಿಯಿಂದ ಒಂದೆಳೆ ಹೊಗೆಯೂ ಬರುತ್ತಿತ್ತು. ನೇಕಾರ ಆ ಸಂದಿಗೂ ಮಣ್ಣು ಮೆತ್ತಿದ. ಹೊಗೆ ಕಡಿಮೆಯಾಯಿತು, ಸದ್ದು ನಿಲ್ಲಲಿಲ್ಲ. ಕೂಸು ಬೆಚ್ಚಿಬಿದ್ದಾಗಲೆಲ್ಲ ಅವನು ಆ ಗೋಡೆಯನ್ನು ದುರುಗುಟ್ಟಿ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ ಮುದುಕಿಯ ಹತ್ತಿರ ಹೋದ.

“ಯವ್ವಾ, ಕೂಸು ಭಾಳ ಸೂಕ್ಷ್ಮ ಐತಿ. ಈ ಸಪ್ಪಳ, ಈ ಹೊಗಿ ಅದಕ್ಕ ತಡಿಯೂದಿಲ್ಲ. ಭಟ್ಟಿ ಹಿತ್ತಲದಾಗ ಹಾಕ್ಕೊಂಡರ ಆಗೂದಿಲ್ಲೇನು?”

ಹಿತ್ತಲಿಗೆ ಗೋಡೆಯಿರಲಿಲ್ಲ. ಬಡಗಣ ಗಾಳಿ ನೇರವಾಗಿ ಬಂದು ಬಡಿಯುತ್ತಿತ್ತು. ಮುದುಕಿ ಅದನ್ನು ಹೇಳಲಿಲ್ಲ.

“ಕೂಸಿಗಿಂತ ಭಟ್ಟಿ ದೊಡ್ಡದೇನೋ ತಮ್ಮಾ,” ಎಂದಷ್ಟೇ ಹೇಳಿ ಅವತ್ತೇ ಭಟ್ಟಿ ಕೀಳಿಸಿದಳು.

ನೇಕಾರನಿಗೆ ಜೀವ ಹಗುರಾಯಿತು. ಮನೆಯಲ್ಲಿ ಈಗ ಸದ್ದಿಲ್ಲ, ಪರರ ಹೊಗೆಯಿಲ್ಲ. ಇನ್ನು ಕೂಸು ಗೆದ್ದಿತು ಎಂದುಕೊಂಡ.

ಒಂದೆರಡು ದಿನ ಕಳೆಯುವಷ್ಟರಲ್ಲಿ ಮನೆ ತಣ್ಣಗಾಗತೊಡಗಿತು. ಹೊರಗೆ ಚಳಿ ಏರಿದೆ ಎಂದುಕೊಂಡ. ಎಲ್ಲೋ ಒಂದು ಸಂದಿ ಉಳಿದಿರಬೇಕು ಎಂದು ದೀಪ ಹಿಡಿದು ಮೂಲೆ ಮೂಲೆ ಹುಡುಕಿದ. ದೀಪದ ಕುಡಿ ಎಲ್ಲೂ ಅಲುಗಲಿಲ್ಲ. ಆದರೂ ಇಲಿಬಿಲಕ್ಕೆ ಕಲ್ಲು ತುರುಕಿದ. ಗವಾಕ್ಷಿಯನ್ನು ಹಗಲಲ್ಲೂ ಮುಚ್ಚಿದ. ಎರಡು ದಿನ ಬರುತ್ತಿದ್ದ ಕಟ್ಟಿಗೆಯನ್ನು ಅರ್ಧ ದಿನದಲ್ಲಿ ಉರಿಸಿದ. ಹೊಗೆ ಹೊರಗೆ ಹೋಗಲು ದಾರಿಯಿಲ್ಲದೆ ಮನೆಯಲ್ಲೇ ಸುತ್ತತೊಡಗಿತು. ಒಂದು ಮುಂಜಾನೆ ಕೂಸು ಕೆಮ್ಮಿ ಕೆಮ್ಮಿ ನೀಲಿಗಟ್ಟಿತು. ನೇಕಾರ ಓಡಿಹೋಗಿ ಬಾಗಿಲು ತೆಗೆದ, ಚಳಿ ನುಗ್ಗಿತು. ಹಾಕಿದ, ಹೊಗೆ ಕವಿಯಿತು. ಕದ ಹಿಡಿದುಕೊಂಡು, ಯಾವ ಕಡೆಗೆ ತಳ್ಳಬೇಕೋ ತಿಳಿಯದೆ ನಿಂತುಬಿಟ್ಟ. ಪಾಪ, ಆ ಕೂಸಿನ ಮೇಲೆ ಅವನಷ್ಟು ಜೀವ ಇಟ್ಟುಕೊಂಡವರು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅದರ ಉಸಿರು ಕಟ್ಟಿಸಿದವನೂ ಅವನೇ ಆಗಿದ್ದ.

ಮಗಳು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆಗೆ ಒರಗಿದ್ದಳು.

“ಅಪ್ಪಾ, ಇಲ್ಲಿ ಕೈ ಇಡು. ಸಣ್ಣಾಕಿ ಇದ್ದಾಗಿಂದ ಈ ಗೋಡಿಗೆ ಬೆನ್ನು ಹಚ್ಚಿ ಮಲಗೀನಿ. ಹಿಂಗ ಯಾವತ್ತೂ ತಣ್ಣಗಿರಲಿಲ್ಲ.”

ಅವನು ಅಂಗೈ ಇಟ್ಟ. ಗೋಡೆ ಬಾವಿಯ ಕಲ್ಲಿನಂತೆ ಕೊರೆಯುತ್ತಿತ್ತು. ದಪ್ಪ ಮಣ್ಣಿನ ಗೋಡೆ ಅದು. ಮಧ್ಯಾಹ್ನದವರೆಗೆ ಭಟ್ಟಿಯ ಕಾವು ಕುಡಿದು ರಾತ್ರಿಯೆಲ್ಲ ಅದನ್ನು ಈ ಕಡೆಗೆ ಬಿಡುತ್ತಿತ್ತು. ಇಷ್ಟು ವರ್ಷ ಅವನು ಅದನ್ನು ತನ್ನ ಒಲೆಯ ಕಾವೆಂದು ತಿಳಿದಿದ್ದ.

ಚಪ್ಪಲಿ ಕೂಡ ಮೆಟ್ಟದೆ ಹಿತ್ತಲಿಗೆ ಓಡಿದ. ಮುದುಕಿ ತಲೆಯ ಮೇಲೆ ಗೋಣಿ ಹಾಕಿಕೊಂಡು ಭಟ್ಟಿಯ ಮುಂದೆ ಕುಳಿತಿದ್ದಳು. ಬೆಂಕಿಯನ್ನು ಗಾಳಿ ಅತ್ತಿತ್ತ ಎಳೆದಾಡುತ್ತಿತ್ತು. ಮರಳು ಕಾದಿರಲಿಲ್ಲ. ಜರಡಿಯಲ್ಲಿ ಅರಳದ ಅಕ್ಕಿಯೇ ಉಳಿದಿತ್ತು. ಅದನ್ನು ನೋಡಿ ನೇಕಾರನಿಗೆ ಅಳು ಒತ್ತರಿಸಿ ಬಂತು.

“ನನ್ನ ಮನಿ ನಿನ್ನ ಬೆಂಕಿಯಿಂದ ಬೆಚ್ಚಗಿತ್ತ ಯವ್ವಾ. ನನಗ ತಿಳೀಲಿಲ್ಲ.”

“ನನಗರ ಎಲ್ಲಿ ತಿಳಿದಿತ್ತೋ? ತಿಳಿದಿದ್ದರ ಬಿಟ್ಟು ಬರ್ತಿದ್ದೆನೇನು?” ಮುದುಕಿ ಮೊಳಕಾಲು ಹಿಡಿದು ಎದ್ದಳು. “ಕೂಸಿನ ಸಲುವಾಗಿ ಇಲ್ಲಿಗೆ ಬಂದೆ. ಕೂಸಿನ ಸಲುವಾಗಿ ಒಳಗ ಹೋಗ್ತೀನಿ. ಅದಕ್ಕ ಯಾಕ ಅಳ್ತಿ? ಇಟ್ಟಂಗಿ ಎತ್ತು.”

ಅವನು ಇಟ್ಟಂಗಿ ಎತ್ತಿದ. ಮಣ್ಣು ಕಲಸಿದ. ಭಟ್ಟಿಯನ್ನು ಮೊದಲಿನ ಜಾಗದಲ್ಲೇ ಕಟ್ಟಿಕೊಟ್ಟು, ಹೊಗೆ ಮೇಲಕ್ಕೆ ಹೋಗುವಂತೆ ಅವಳ ಮಾಳಿಗೆಗೆ ಹೊಗೆಗೂಡು ಮಾಡಿದ. ತನ್ನ ಗವಾಕ್ಷಿಯನ್ನು ಹಗಲಿಗೆ ತೆರೆದಿಟ್ಟ. ಗೋಡೆ ಒಣಗಿ, ಕಾದು, ಮತ್ತೆ ಬೆನ್ನಿಗೆ ಹಿತವಾಗುವವರೆಗೆ ಕೂಸನ್ನು ತನ್ನ ಎದೆಗೇ ಕಟ್ಟಿಕೊಂಡು ಕುಳಿತ. ಕೂಸು ಉಳಿಯಿತು. ಮಾಗಿ ಮುಗಿಯುವಷ್ಟರಲ್ಲಿ ಆ ಚಟಪಟ ಸದ್ದಿಲ್ಲದಿದ್ದರೆ ಅದಕ್ಕೆ ನಿದ್ದೆಯೇ ಬರದಂತಾಯಿತು.

ಗುರುಗಳು ಕತೆ ನಿಲ್ಲಿಸಿ ಶಾಲು ಸರಿಮಾಡಿಕೊಂಡರು. ಗುರುಪಾದನಿಗೆ ತನ್ನ ಕಿಟಕಿಯ ಬಟ್ಟೆ ನೆನಪಾಯಿತು.

“ಹಾಗಾದರೆ ಅವನು ಸಂದಿ ಮುಚ್ಚಿದ್ದು ತಪ್ಪೇ, ಗುರುಗಳೇ?”

“ಅದರಲ್ಲಿ ತಪ್ಪೇನಿದೆ? ಸಂದಿ ಮುಚ್ಚಲೇಬೇಕು. ನಿನ್ನ ಅಜ್ಜನನ್ನೂ ಕಳಿಸೋಣ. ಗೋಶಾಲೆಯ ಕಡೆಯ ಕೋಣೆಯನ್ನು ಇವತ್ತೇ ಗುಡಿಸಲು ಹೇಳುತ್ತೇನೆ.”

ಗುರುಪಾದನ ಮುಖ ಅರಳಿತು. ನಮಸ್ಕರಿಸಿ ಎದ್ದು ಹೊರಟವನನ್ನು ಗುರುಗಳು ಮೆಲ್ಲಗೆ ಕರೆದರು.

“ಒಂದನ್ನು ಮಾತ್ರ ಹೇಳಿ ಹೋಗಪ್ಪಾ: ಈ ಚಳಿಯಲ್ಲಿ ದಿನವೂ ನಸುಕಿಗೆ ನಿನ್ನನ್ನು ಎಬ್ಬಿಸುತ್ತಿರುವವರು ಯಾರು?”