ನಾರು ಬಿಸಾಡದ ಹೊಂಬಾಳಮ್ಮ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿ ಇನ್ನೂ ಲಂಗ ತೊಟ್ಟು ಓಡಾಡುತ್ತಿದ್ದ ಕಾಲ ಎಂದೇ ಇಟ್ಟುಕೊಳ್ಳಿ, ಹೊಂಗೆಕಟ್ಟೆ ಎನ್ನುವ ಊರಿನಲ್ಲಿ ಹೊಂಬಾಳಮ್ಮ ಎಂಬ ಹೆಂಗಸಿದ್ದಳು. ಅವಳ ಕೈಯಲ್ಲಿ ಆಗುವುದಿಲ್ಲ ಎಂದವರು ಯಾರೆಂದು ಮೊದಲು ಹೇಳಿಬಿಡಬೇಕು. ಅಂದವನು ಅಡುಗೆ ಮಾದಪ್ಪ, ಸುತ್ತ ಹದಿನಾರು ಹಳ್ಳಿಯ ಮದುವೆಗೆ ಸಾರು ಕಾಯಿಸಿದ ಮನುಷ್ಯ. "ಹೋಗವ್ವೋ, ಒಲೆ ಮುಂದೆ ಕೂತು ಮುದ್ದೆ ತಿರುವು. ನನ್ನ ಕೈಲಾಗದ್ದು ನಿನ್ನ ಕೈಲಾಯ್ತದಾ?" ಅಂದನಂತೆ. ಹೊಂಬಾಳಮ್ಮ ಸೆರಗು ಸಿಕ್ಕಿಸಿಕೊಂಡು, "ಆಗ್ದೇ ಇದ್ರೆ ನೀನು ನಗು ಕಣಣ್ಣ. ಆದ್ರೆ ನಾನು ನಗ್ತೀನಿ," ಅಂದಳಂತೆ.

ಆ ಕೆಲಸ ಏನೆಂದರೆ, ಊರ ಮೇಲುಗಡೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯೊಂದು ಬಂದಿತ್ತು. ಅದರ ಕೊಳೆನೀರು ಕಾಲುವೆಗೆ ಬೀಳುತ್ತಿತ್ತು, ಕಾಲುವೆಯ ನೀರು ಬಾಳೆತೋಟಗಳಿಗೆ ಹಾಯುತ್ತಿತ್ತು. ಊರ ಮಕ್ಕಳಿಗೆ ಹೊಟ್ಟೆನೋವು ಹಿಡಿಯಿತು. ಬಾಳೆಗೆ ವಿಷ ಏರಿದೆಯೋ ಇಲ್ಲವೋ ನೋಡಲು ಊರಾಚೆ ಒಂದು ಪರೀಕ್ಷೆಮನೆ ತೆರೆದರು. ಅಲ್ಲಿನ ಸಾಹೇಬರಿಗೆ ಬಾಳೆದಿಂಡನ್ನು ಬೆಣ್ಣೆಯ ಹಾಗೆ ರುಬ್ಬಿ ಕೊಡಬೇಕು. ಮೇಲಿಂದ ಒಂದು ಚಿಟಿಕೆ, ನಡುವಿಂದ ಒಂದು ಚಿಟಿಕೆ, ತಳದಿಂದ ಒಂದು ಚಿಟಿಕೆ ತೆಗೆದರೆ ಮೂರೂ ಒಂದೇ ಮಾತು ಹೇಳಬೇಕು. ಇಲ್ಲದಿದ್ದರೆ ಅದು ಸಾಕ್ಷಿಯಲ್ಲ, ಕೊಳೆನೀರು ನಿಲ್ಲುವುದಿಲ್ಲ.

ಸಾಹೇಬರ ಹತ್ತಿರ ರುಬ್ಬುವ ಯಂತ್ರವಿತ್ತಂತೆ. ಆ ಕಾಲಕ್ಕೆ ಯಂತ್ರ ಎಲ್ಲಿಂದ ಬಂತು ಎಂದು ಕೇಳಬೇಡಿ, ಇತ್ತು ಅನ್ನುತ್ತಾರೆ. ದಿಂಡು ಹಾಕಿದ್ದೇ ತಡ, ನಾರೆಲ್ಲ ಅಲಗಿಗೆ ಸುತ್ತಿಕೊಂಡು, ಗೂಟಕ್ಕೆ ಹಗ್ಗ ಸಿಕ್ಕಿಸಿಕೊಂಡ ಎಮ್ಮೆಯ ಹಾಗೆ ಗುರ್ರೆಂದು ನಿಂತುಬಿಟ್ಟಿತಂತೆ. ಅರ್ಧಂಬರ್ಧ ಅರೆದ ಮುದ್ದೆಯಲ್ಲಿ ಒಂದು ಚಿಟಿಕೆ ವಿಷ ಉಂಟು ಅಂದರೆ ಇನ್ನೊಂದು ಇಲ್ಲ ಅಂದಿತು.

ಆಮೇಲೆ ಮಾದಪ್ಪನನ್ನು ಕರೆಸಿದರು. ಮಾದಪ್ಪ ಅಡುಗೆಮನೆಯಲ್ಲಿ ಮಾಡುವುದನ್ನೇ ಮಾಡಿದ. ದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚುತ್ತಾ, ಎದ್ದ ನಾರನ್ನು ಬೆರಳಿಗೆ ಸುತ್ತಿ ಸುತ್ತಿ ಬಿಸಾಡಿದ. ನೀರು ಚಿಮುಕಿಸಿ ರುಬ್ಬಿದ. ನುಣ್ಣಗಾದ ಮೇಲೆ ಬೆರಳು ನೆಕ್ಕಿ ನೋಡಿ, ಸಪ್ಪೆ ಅನ್ನಿಸಿ, ಒಂದು ಹರಳು ಉಪ್ಪನ್ನೂ ಹಾಕಿಬಿಟ್ಟನಂತೆ! ಸಾಹೇಬರು ಹಣೆ ಚಚ್ಚಿಕೊಂಡರು. ಆದರೂ ನೋಡಿದರು. ವಿಷದ ಸುಳಿವೇ ಇಲ್ಲ.

ಪರೀಕ್ಷೆಮನೆಯ ಕಸ ಗುಡಿಸುತ್ತಿದ್ದವಳು ಹೊಂಬಾಳಮ್ಮ. ಸೀಸೆಗಳ ಮೇಲಿನ ಚೀಟಿ ನೋಡಿ ನೋಡಿ, ಯಾರೂ ಕಲಿಸದೆ ಅಕ್ಷರ ಕಲಿತವಳು. ಅವತ್ತು ಕಸದಲ್ಲಿ ಮಾದಪ್ಪ ಬಿಸಾಡಿದ ನಾರು ಸಿಕ್ಕಿತು. ಬೆಳಕಿಗೆ ಹಿಡಿದಳು. ಎಳೆಯ ಉದ್ದಕ್ಕೂ ತೆಳ್ಳಗೆ ನೀಲಿ, ಕಾರ್ಖಾನೆಯ ಬಣ್ಣದ್ದೇ.

"ವಿಷ ಇರೋ ಜಾಗವನ್ನೇ ಬಿಸಾಕಿ ಇನ್ನೆಲ್ಲಿ ಹುಡುಕ್ತೀರಿ ಸ್ವಾಮಿ? ನಾನು ನಾರು ಸಮೇತ ರುಬ್ತೀನಿ," ಅಂದಳಂತೆ. ಆಗಲೇ ಮಾದಪ್ಪ, ಮೊದಲು ಹೇಳಿದೆನಲ್ಲ, ಆ ಮಾತು ಆಡಿದ್ದು.

ಕಾಲುವೆಗೆ ಮೊದಲ ತೋಟ ಅವಳದೇ. ಅವಳ ತೋಟದ ದಿಂಡನ್ನೇ ರುಬ್ಬಬೇಕು. ಸಾಹೇಬರು ಮೊದಲೇ ಎಚ್ಚರಿಸಿದರು: ವಿಷ ಎಂದು ಬಂದರೆ ಮೊದಲು ಕಡಿಸುವುದು ನಿನ್ನ ತೋಟವನ್ನೇ. ಒಂದೊಂದು ಬಾಳೆಕಂದನ್ನೂ ತಲೆಯ ಮೇಲೆ ಹೊತ್ತು ತಂದು ನೆಟ್ಟ ತೋಟ ಅದು. ಒಂದು ಹಿಡಿ ನಾರನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ್ದರೆ ಉಳಿಯುತ್ತಿತ್ತು. ಕೇಳುವವರು ಯಾರು? ಎಲ್ಲರ ಮನೆಯಲ್ಲೂ ನಾರು ತೆಗೆಯುವುದೇ ರೂಢಿ.

ಒಂದೆಳೆಯನ್ನೂ ಸರಿಸಲಿಲ್ಲವಂತೆ. ದಿಂಡನ್ನು ಅಡ್ಡಕ್ಕೆ, ವೀಳ್ಯದೆಲೆಗಿಂತ ತೆಳ್ಳಗೆ ಹೆಚ್ಚಿದಳು. ಮೊದಲು ಕುಟ್ಟಿ ನಾರಿನ ಸೊಕ್ಕು ಮುರಿದಳು. ಆಮೇಲೆ ಒರಳಿಗೆ ಹಾಕಿ ರುಬ್ಬಿದಳು, ರುಬ್ಬಿದಳು, ರುಬ್ಬಿದಳು. ಹನಿ ನೀರು ಸೋಕಿಸಲಿಲ್ಲ, ದಿಂಡಿನ ರಸವೇ ಸಾಕಾಯಿತು. ಒಂದು ಹಗಲು ಅನ್ನುತ್ತಾರೆ ಕೆಲವರು, ಮೂರು ಹಗಲು ಅನ್ನುತ್ತಾರೆ ಕೆಲವರು. ಗುಂಡುಕಲ್ಲು ಸವೆದು ನಿಂಬೆಹಣ್ಣಿನಷ್ಟಾಯಿತು ಅನ್ನುವವರೂ ಇದ್ದಾರೆ. ಅಷ್ಟೇನೂ ಸವೆದಿರಲಿಕ್ಕಿಲ್ಲ, ಆದರೆ ಹೇಳುವವರ ಬಾಯಿಗೆ ಬೀಗ ಹಾಕುವವರು ಯಾರು?

ಸಾಹೇಬರು ಮೇಲಿಂದ, ನಡುವಿಂದ, ತಳದಿಂದ ಚಿಟಿಕೆ ತೆಗೆದರು. ಮೂರೂ ಒಂದೇ ಮಾತು ಹೇಳಿದವು. ಸಾಹೇಬರು ಅದನ್ನು ಬರೆದ ಕಾಗದವನ್ನು ಊರ ಮುಂದೆ ತಾನೇ ಓದುತ್ತೇನೆ ಎಂದು ಹಟ ಹಿಡಿದಳಂತೆ ಹೊಂಬಾಳಮ್ಮ. ಅಕ್ಷರ ಅಕ್ಷರ ಕೂಡಿಸಿ ಓದಿದಳು: ವಿಷ ಉಂಟು.

ಕಾರ್ಖಾನೆಯ ಕೊಳೆನೀರಿನ ಬಾಯಿ ಮುಚ್ಚಿಸಿದರು. ಕೆರೆಯಿಂದ ನೇರವಾಗಿ ಹೊಸ ಕಾಲುವೆ ತೋಡಿಸಿದರು. ತೋಟ ಕಡಿಯುವ ದಿನ ಮಾದಪ್ಪ ಮುಖ ಸಣ್ಣದು ಮಾಡಿಕೊಂಡು ಬಂದು, "ನಗವ್ವ, ಈಗ ನಗು," ಅಂದನಂತೆ. "ಮೊದ್ಲು ಮಚ್ಚು ಹಿಡಿಯಣ್ಣ, ಕಡಿಯೋಕೆ ಕೈ ಸಾಲ್ದು. ಆಮೇಲೆ ಇಬ್ರೂ ಕೂತು ನಗಣ," ಅಂದಳಂತೆ. ನಕ್ಕರೂ ನಕ್ಕರಂತೆ. ಮುಂದಿನ ಮಳೆಗಾಲದ ಹೊತ್ತಿಗೆ ಮಕ್ಕಳ ಹೊಟ್ಟೆನೋವು ನಿಂತಿತ್ತು.

ಈಗಲೂ ಹೊಂಗೆಕಟ್ಟೆಯಲ್ಲಿ ಸವೆದ ಒರಳಿಗೆ ಉಳಿಯಿಂದ ಹೊಸದಾಗಿ ಹಲ್ಲು ಕುಟ್ಟಿಸಿದ ದಿನ, ಮೊದಲ ಹಿಡಿ ರುಬ್ಬುವುದು ಹೊಂಬಾಳಮ್ಮನ ಹೆಸರಿಗೆ. ಅದನ್ನು ಯಾರೂ ತಿನ್ನುವುದಿಲ್ಲ, ಕೆರೆಯಿಂದ ತೋಡಿಸಿದ ಕಾಲುವೆಯ ದಡಕ್ಕೆ ಒಯ್ದಿಟ್ಟು ಕೈಮುಗಿದು ಬರುತ್ತಾರೆ. ಆ ಕಾಲುವೆಗೆ ಹೊಂಬಾಳಮ್ಮನ ಕಾಲುವೆ ಎಂದೇ ಹೆಸರು. ಅವಳದು ಅಂತ ಈಗ ಇರುವುದು ಅದೊಂದೇ. ಅದಕ್ಕೆ ಅವಳು ತೆತ್ತದ್ದು, ಗೊನೆ ಹೊತ್ತು ನಿಂತಿದ್ದ ಒಂದು ತೋಟ.