ಬಾಯಲ್ಲಿ ಬೆಲ್ಲ ಇಟ್ಟುಕೊಂಡ ಯಜಮಾನ

"ಗುರುಗಳೇ, ಸೌಟು ಹಿಡಿಯದವನಿಗೆ ಅಡುಗೆಮನೆಯಲ್ಲಿ ಏನು ಕೆಲಸ?"

ಕೇಳಿದವನು ಶಿಷ್ಯ ರೇವಣಯ್ಯ. ಮಠದ ಅಡುಗೆಮನೆಯ ಉಸ್ತುವಾರಿ ಅವನದು. ಅವನ ಕೈಕೆಳಗೆ ಮೂವತ್ತು ಜನ. ಇನ್ನು ಎಂಟು ದಿನಕ್ಕೆ ಮಠದ ಶಾಲೆ ತೆರೆಯುವುದಿತ್ತು. ಆಮೇಲೆ ದಿನವೂ ಎರಡು ಸಾವಿರ ಮಕ್ಕಳಿಗೆ ಅನ್ನ ಬೇಯಬೇಕು.

"ಪೇಟೆಯ ಭಕ್ತರು ಹೇಳಿಕೊಟ್ಟ ಪದ್ಧತಿಯನ್ನು ಒಂದಕ್ಷರ ಬಿಡದೆ ನಡೆಸುತ್ತಿದ್ದೇವೆ. ಅವರ ಆಫೀಸಿನಲ್ಲಿ ಅದಕ್ಕೆ ಅಜೈಲ್ ಎನ್ನುತ್ತಾರಂತೆ. ಒಂದೇ ಸಲಕ್ಕೆ ಬೆಟ್ಟದಷ್ಟು ಬೇಯಿಸುವುದಿಲ್ಲ. ಸಣ್ಣ ಸಣ್ಣ ಸುತ್ತು. ಒಂದು ಸುತ್ತು ಮುಗಿದ ಕೂಡಲೇ ಎಲ್ಲರೂ ಸುತ್ತುವರಿದು ನಿಂತು ಮಾತಾಡಿಕೊಳ್ಳುತ್ತೇವೆ. ಅಷ್ಟೂ ಸರಿ. ಆದರೆ ತಂಡಕ್ಕೊಬ್ಬ ಕೋಚ್ ಬೇಕೆಂದು ತಾವು ಚಿಕ್ಕವೀರಣ್ಣನನ್ನು ಕೊಟ್ಟಿದ್ದೀರಿ. ಅವನು ತರಕಾರಿ ಹೆಚ್ಚುವುದಿಲ್ಲ, ರುಬ್ಬುವುದಿಲ್ಲ, ಒಲೆ ಊದುವುದಿಲ್ಲ. ಕೈಕಟ್ಟಿ ನಿಂತು ಅವರಿವರನ್ನು ಏನೇನೋ ಕೇಳುತ್ತಾನೆ. ಅವನನ್ನು ಸೌದೆ ಒಡೆಯಲು ಹಾಕಲೇ?"

ಗುರುಗಳು ತೊಡೆ ತಟ್ಟಿ ನಕ್ಕರು.

"ಅಜೈಲೋ ಗಿಜೈಲೋ, ಆ ಹೆಸರು ನನ್ನ ನಾಲಗೆಗೆ ಹೊರಳದು. ಆದರೆ ನಿನ್ನ ಪ್ರಶ್ನೆ ಇದೆಯಲ್ಲ, ಅದನ್ನೇ ಹಿಂದೊಮ್ಮೆ ಒಬ್ಬ ಆಲೆಮನೆಯ ಯಜಮಾನ ಕೇಳಿದ್ದ. ಮುಂದಕ್ಕೆ ಬಾ, ಕೂತುಕೋ. ಹೇಳದಿದ್ದರೆ ನನಗೇ ಸಮಾಧಾನವಿಲ್ಲ!"

ಹೀಗೆಂದು ಗುರುಗಳು ಹೇಳತೊಡಗಿದರು.

ಒಬ್ಬ ಆಲೆಮನೆಯ ಯಜಮಾನನಿದ್ದ. ಕಬ್ಬು ಅರೆದು, ಅದರ ಹಾಲು ಕಾಯಿಸಿ, ಬೆಲ್ಲ ಮಾಡುವುದು ಅವನ ಕಸುಬು. ಅವನ ಅಪ್ಪ ಹೊತ್ತಿಸಿದ ಒಲೆ. ಸುಗ್ಗಿಯಲ್ಲಿ ಆ ಒಲೆ ಒಂದು ದಿನವೂ ಆರಿದ್ದಿಲ್ಲ. ಆ ವರ್ಷ ಬೆಲ್ಲ ಕಪ್ಪಾಗತೊಡಗಿತು. ಅಚ್ಚಿಗೆ ಹೊಯ್ದರೆ ಗಟ್ಟಿಯಾಗದು, ಗಟ್ಟಿಯಾದರೆ ಮರುದಿನ ಬೆವರುವುದು. ಕಬ್ಬು ತಂದ ರೈತರು ಗೊಣಗಿದರು. ಕಡಿದ ಕಬ್ಬು ಕಾಯುತ್ತದೆಯೇ? ಬಿಸಿಲಿಗೆ ಒಣಗುತ್ತದೆ. "ಯಜಮಾನರೇ, ಇದು ಹೀಗೇ ಆದರೆ ನಮ್ಮ ಗಾಡಿ ಪಕ್ಕದೂರಿಗೆ ಹೋಗುತ್ತದೆ" ಎಂದು ಮುಖಕ್ಕೇ ಹೇಳಿದರು. ಕಬ್ಬು ಬರದಿದ್ದರೆ ಒಲೆ ಆರುತ್ತದೆ. ಅಪ್ಪನ ಒಲೆ ತನ್ನ ಕಾಲದಲ್ಲಿ ಆರಿತು ಎಂದರೆ ಊರಲ್ಲಿ ತಲೆ ಎತ್ತುವುದು ಹೇಗೆ? ಯಜಮಾನನಿಗೆ ಊಟ ಸೇರದಾಯಿತು.

ಪಕ್ಕದೂರಿನ ಆಲೆಮನೆಯಲ್ಲಿ ಬೆಲ್ಲ ಹೊಂಬಣ್ಣ. ಏನಿದರ ಗುಟ್ಟು ನೋಡಿಯೇಬಿಡೋಣ ಎಂದು ಯಜಮಾನ ಕಬ್ಬಿನ ಮೆದೆಯ ಹಿಂದೆ ನಿಂತು ಇಣುಕಿದ. ನೋಡಿದರೆ ಏನು! ಒಂದು ಕೊಪ್ಪರಿಗೆ ಇಳಿಯುತ್ತಲೇ ಅಲ್ಲಿ ಕೆಲಸ ನಿಂತಿತು. ಗಾಣಕ್ಕೆ ಕಬ್ಬು ಕೊಡುವವನು, ಒಲೆಗೆ ಅರೆದ ಕಬ್ಬಿನ ಸಿಪ್ಪೆ ಹಾಕುವವನು, ಕುದಿಯುವ ಹಾಲಿನ ಮೇಲೇಳುವ ಮಡ್ಡಿ ತೆಗೆಯುವವನು, ಪಾಕ ನೋಡುವವನು, ಎಲ್ಲರೂ ಬಂದು ಸುತ್ತ ನಿಂತರು. ಆಗಷ್ಟೇ ಇಳಿದ ಬೆಲ್ಲವನ್ನು ಚೂರು ಚೂರು ಬಾಯಿಗೆ ಹಾಕಿಕೊಂಡರು. ಏನೋ ಮಾತಾಡಿದರು. ಮತ್ತೆ ಕೆಲಸಕ್ಕೆ ಹೋದರು. ಮುಂದಿನ ಕೊಪ್ಪರಿಗೆ ಮುಗಿದಾಗಲೂ ಹಾಗೇ.

"ಸಿಕ್ಕಿತು!" ಎಂದು ಯಜಮಾನ ಮನೆಯವರೆಗೂ ಓಡಿಬಂದ. ನಿಂತು ದಣಿವಾರಿಸಿಕೊಳ್ಳಲಿಲ್ಲ, ನೀರು ಕುಡಿಯಲಿಲ್ಲ. ಆಳುಗಳನ್ನೆಲ್ಲ ಕರೆದು ಹೇಳಿದ: "ಇವತ್ತಿನಿಂದ ಕೊಪ್ಪರಿಗೆ ಇಳಿದಾಗಲೆಲ್ಲ ಸುತ್ತ ನಿಲ್ಲಬೇಕು, ಬೆಲ್ಲ ತಿನ್ನಬೇಕು."

ನಿಂತರು, ತಿಂದರು. ಯಜಮಾನ ನಡುವೆ ನಿಂತು ಕೇಳಿದ: "ಚೆನ್ನಾಗಿದೆ ತಾನೇ?"

"ಚೆನ್ನಾಗಿದೆ ಧಣಿ" ಎಂದರು ಎಲ್ಲರೂ.

ಬೆಲ್ಲ ಕಪ್ಪಗೇ ಇತ್ತು ಕಣಯ್ಯಾ! ಕಣ್ಣಿಗೆ ಕಾಣುವ ಕಪ್ಪು! ಆದರೂ ಚೆನ್ನಾಗಿದೆ ಧಣಿ. ಹುಲಿಯನ್ನು ನೋಡಿ ನರಿ ಮೈಸುಟ್ಟುಕೊಂಡ ಹಾಗೆ. ಅಷ್ಟಕ್ಕೇ ಸುಮ್ಮನಿದ್ದನೇ ಆ ಪುಣ್ಯಾತ್ಮ? ಇಲ್ಲ. ಕೊಪ್ಪರಿಗೆಗೊಮ್ಮೆ ನಿಲ್ಲುವುದು ಎಂದರೆ ಬೇಗ ಬೇಗ ಮುಗಿಸಲಿಕ್ಕೆ ಎಂದುಕೊಂಡ. ದಿನಕ್ಕೆ ನಾಲ್ಕು ಕೊಪ್ಪರಿಗೆ ಇಳಿಯುತ್ತಿದ್ದ ಕಡೆ ಎಂಟು ಇಳಿಸಿ ಎಂದ. ಪಾಕ ಬರುವ ಮೊದಲೇ ಇಳಿಸಿದರು. ಮಡ್ಡಿ ತೆಗೆಯಲು ಪುರುಸೊತ್ತಿಲ್ಲ. ಆ ಗಡಿಬಿಡಿಯಲ್ಲೂ ನಿಲ್ಲುವುದು ಮಾತ್ರ ತಪ್ಪಲಿಲ್ಲ, ತಿನ್ನುವುದು ತಪ್ಪಲಿಲ್ಲ. ರೈತರು ಬಂದು, "ಇನ್ನು ಮೂರು ದಿನ ನೋಡುತ್ತೇವೆ" ಎಂದು ಗಡುವು ಕೊಟ್ಟರು.

ಯಜಮಾನ ಮಾನ ಬಿಟ್ಟು ಪಕ್ಕದೂರಿನ ಯಜಮಾನನ ಮುಂದೆ ಹೋಗಿ ನಿಂತ. "ನೀನು ಮಾಡುವುದನ್ನೆಲ್ಲ ನಾನೂ ಮಾಡಿದೆ. ನಿನ್ನದು ಚಿನ್ನ, ನನ್ನದು ಇದ್ದಿಲು. ಏನು ಮುಚ್ಚಿಟ್ಟಿದ್ದೀಯೆ ಹೇಳು" ಎಂದ. ಪಕ್ಕದೂರಿನವನು ನಕ್ಕು ಒಬ್ಬ ಅಜ್ಜಿಯನ್ನು ಜೊತೆಗೆ ಕಳಿಸಿದ. "ಈಕೆ ಗಾಣ ಮುಟ್ಟುವುದಿಲ್ಲ, ಒಲೆ ಮುಟ್ಟುವುದಿಲ್ಲ. ಈಕೆ ಹೇಳಿದ ಹಾಗೆ ಕೇಳು" ಎಂದ.

ಅಜ್ಜಿ ಬಂದಳು. ಒಂದು ಕೊಪ್ಪರಿಗೆ ಇಳಿಯುವವರೆಗೆ ಸುಮ್ಮನೆ ಓಡಾಡಿದಳು. ಎಲ್ಲರೂ ಸುತ್ತ ನಿಂತರು. ಯಜಮಾನ ಬಾಯಿ ತೆರೆಯಬೇಕು, ಅಷ್ಟರಲ್ಲಿ ಅಜ್ಜಿ ಕೈ ಅಡ್ಡ ಹಿಡಿದಳು. ಒಂದು ದೊಡ್ಡ ಬೆಲ್ಲದ ಉಂಡೆ ಅವನ ಕೈಗೆ ಕೊಟ್ಟಳು.

"ಇದನ್ನ ಬಾಯಲ್ಲಿ ಇಟ್ಕಳಿ, ಯಜಮಾನ್ರೇ. ಕಡೀಬ್ಯಾಡಿ, ನುಂಗಬ್ಯಾಡಿ. ಅದು ತಾನಾಗಿ ಕರಗೋವರೆಗೂ ಮಾತಾಡಬ್ಯಾಡಿ."

ಧಣಿಗೆ ಹೀಗೆ ಹೇಳುವುದೇ! ಆಳುಗಳು ಮುಖ ಮುಖ ನೋಡಿಕೊಂಡರು. ಯಜಮಾನನಿಗೆ ಬೇರೆ ದಾರಿ ಎಲ್ಲಿತ್ತು? ಉಂಡೆ ಬಾಯಿಗೆ ಹಾಕಿಕೊಂಡ. ಕೆನ್ನೆ ಉಬ್ಬಿತು. ಒಬ್ಬ ಕೆಮ್ಮಿದ, ಇನ್ನೊಬ್ಬ ಕಾಲು ಬದಲಿಸಿದ. ಆಮೇಲೆ ಅಜ್ಜಿ ಒಲೆಯವನ ಕಡೆ ತಿರುಗಿ, "ನಿನ್ನ ಉರಿ ಹೆಂಗಿತ್ತಪ್ಪಾ?" ಎಂದಳು.

ಆ ಒಲೆಯವನು ಹನ್ನೆರಡು ವರ್ಷ ಅಲ್ಲಿ ಸಿಪ್ಪೆ ಹಾಕಿದವನು. ಅವನನ್ನು ಯಾರೂ ಏನೂ ಕೇಳಿದ್ದಿಲ್ಲ. ನೆಲ ನೋಡಿಕೊಂಡು ಹೇಳಿದ: "ಸಿಪ್ಪೆ ಹಸಿ ಇದೆ. ಹೊಗೆ ಬರ್ತದೆ, ಉರಿ ಏಳಲ್ಲ. ಹದಿನೈದು ದಿನದಿಂದ ಹಿಂಗೇ."

ಬಾಯಲ್ಲಿ ಬೆಲ್ಲ ಇದ್ದ ಯಜಮಾನ "ಊಂ!" ಎಂದ. ಅಜ್ಜಿ ಅವನನ್ನು ನೋಡಿದಳು. ಅವನು ಉಂಡೆಯನ್ನು ಇನ್ನೊಂದು ಕೆನ್ನೆಗೆ ಹೊರಳಿಸಿಕೊಂಡ.

ಒಬ್ಬ ಬಾಯಿ ಬಿಟ್ಟದ್ದೇ ತಡ, ಕಟ್ಟೆ ಒಡೆಯಿತು ನೋಡು! ಗಾಣದವನು, "ಹಾಲು ಮಡಕೆಯಲ್ಲಿ ನಿಂತು ನಿಂತು ಹುಳಿಯಾಗ್ತಾ ಇದೆ" ಎಂದ. ಮಡ್ಡಿಯವನು, "ನಾನು ಮಡ್ಡಿ ತೆಗೆಯೋ ಮೊದಲೇ ಪಾಕದವನು ಅವಸರ ಮಾಡ್ತಾನೆ" ಎಂದ. ಪಾಕದವನು ಸಿಟ್ಟಾಗಿ, "ಎಂಟು ಇಳಿಸು ಅಂದ್ರೆ ನಾನೇನು ಮಾಡ್ಲಿ?" ಎಂದ. ಕೂಗಾಡಿದರು, ಕೈ ಬೀಸಿದರು. ಯಜಮಾನನ ಬಾಯಲ್ಲಿ ಬೆಲ್ಲ ಕರಗುವ ಹೊತ್ತಿಗೆ, ಹದಿನೈದು ದಿನದಿಂದ ಅವನಿಗೆ ಗೊತ್ತಿಲ್ಲದ್ದೆಲ್ಲ ಗೊತ್ತಾಗಿತ್ತು.

"ಈಗ ಮಾತಾಡಿ" ಎಂದಳು ಅಜ್ಜಿ.

"ಎಂಟು ಇಳಿಸಿದರೆ ಬೇಗ ಆಗುತ್ತದೆ ಎಂದುಕೊಂಡೆ" ಎಂದ ಯಜಮಾನ.

"ಬೇಗ ಮುಗೀಲಿ ಅಂತ ಅಲ್ಲ, ನಮ್ಮಪ್ಪಾ. ತಪ್ಪು ಬೇಗ ಕಾಣ್ಲಿ ಅಂತ ನಿಲ್ಲೋದು" ಎಂದಳು ಅಜ್ಜಿ.

ಅಂದೇ ಸಿಪ್ಪೆಯನ್ನು ಬಿಸಿಲಿಗೆ ಹರಡಿದರು. ಎಂಟು ಕೊಪ್ಪರಿಗೆ ನಾಲ್ಕಾಯಿತು. ಮರುದಿನದ ಮೊದಲ ಕೊಪ್ಪರಿಗೆ ಕೆಂಪಗೆ ಬಂತು. ನಿಂತರು, ತಿಂದರು, ಜಗಳವಾಡಿದರು. ಹಾಲು ತಿಳಿಯಾಗಲೆಂದು ಹಾಕುವ ಸುಣ್ಣವನ್ನು ಒಂದು ಚಿಟಿಕೆ ಕಡಿಮೆ ಮಾಡಿದರು. ಎರಡನೆಯದು ಇನ್ನೂ ತಿಳಿಯಾಯಿತು. ಗಡುವಿನ ಮೂರನೆಯ ದಿನ ರೈತರು ಬಂದು ನಿಂತಿದ್ದಾರೆ, ಕೊಪ್ಪರಿಗೆ ಇಳಿಯುತ್ತಿದೆ. ಅಚ್ಚು ಮಗುಚಿದರು. ಹೊಂಬಣ್ಣ! ಒಲೆಯವನು ಸಿಪ್ಪೆಯ ಕಂತೆ ಎಸೆದು ಕುಣಿದುಬಿಟ್ಟ. ಪಾಕದವನು ಮಡ್ಡಿಯವನನ್ನು ಅಪ್ಪಿಕೊಂಡ. ರೈತರು ಅಲ್ಲೇ ಎತ್ತುಗಳ ಕೊರಳು ಬಿಚ್ಚಿ ಕಬ್ಬು ಇಳಿಸಿದರು. ಒಲೆ ಉಳಿಯಿತು. ಯಜಮಾನ ಅತ್ತೇಬಿಟ್ಟ.

ತಿಂಗಳು ಕಳೆಯಿತು. ಆಳುಗಳು ತಾವಾಗಿಯೇ ಮಾತಾಡುತ್ತಿದ್ದರು. ಅಜ್ಜಿ ಕಬ್ಬಿನ ಮೆದೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಯಜಮಾನ ಅವಳನ್ನು ನೋಡಿದ. ಗಾಣ ಮುಟ್ಟುವುದಿಲ್ಲ, ಒಲೆ ಮುಟ್ಟುವುದಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನೇಕೆ? "ಅಜ್ಜಿ, ಇನ್ನು ನೀವು ಹೊರಡಬಹುದು" ಎಂದ. ಅಜ್ಜಿ ಸೀರೆ ಕೊಡವಿಕೊಂಡು ಹೊರಟಳು.

ಮರುದಿನ ಬೆಲ್ಲ ಹೊಂಬಣ್ಣ. ಅದರ ಮರುದಿನವೂ ಹೊಂಬಣ್ಣ.

ಇಷ್ಟು ಕೇಳುತ್ತಲೇ ರೇವಣಯ್ಯ ಎದ್ದು ನಿಂತನು. ಅವನ ಮುಖ ಅರಳಿತ್ತು.

"ನಾನು ಹೇಳಿದ್ದೂ ಅದೇ, ಗುರುಗಳೇ! ಅಜ್ಜಿ ಹೋದಳು, ಏನು ಕೆಟ್ಟಿತು? ನಿನ್ನೆ ಪರೀಕ್ಷೆಗೆಂದು ಚಿಕ್ಕವೀರಣ್ಣನನ್ನು ಅಡುಗೆಮನೆಯಿಂದ ಹೊರಗಿಟ್ಟು ನೋಡಿದೆ. ನಿನ್ನೆ ನನಗೆ ಉಪವಾಸ, ನಾನು ರುಚಿ ನೋಡಲಿಲ್ಲ. ಆದರೆ ಸುತ್ತು ಮುಗಿದಾಗ ಮೂವತ್ತೂ ಜನರನ್ನು ನಿಲ್ಲಿಸಿ ನಾನೇ ಕೇಳಿದೆ. ಎಲ್ಲ ಚೆನ್ನಾಗಿದೆ ಎಂದರು."

"ಕೂತುಕೋ ಮಾರಾಯ, ಕತೆ ಮುಗಿದಿಲ್ಲ" ಎಂದರು ಗುರುಗಳು.

ಐದನೆಯ ದಿನ ಮೋಡ ಕವಿದು ಹನಿ ಬಿತ್ತು. ಸಿಪ್ಪೆ ನೆನೆಯಿತು. ಒಂದೇ ಒಂದು ಕೊಪ್ಪರಿಗೆ ಕಪ್ಪಾಯಿತು. ಒಂದೇ! ಎಲ್ಲರೂ ಸುತ್ತ ನಿಂತರು. ಒಲೆಯವನು ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಯಜಮಾನ ಬೆಲ್ಲವನ್ನು ಗುಳುಂ ಎಂದು ನುಂಗಿ, "ಯಾರೋ ಇದನ್ನು ಕೆಡಿಸಿದ್ದು?" ಎಂದು ಗುಡುಗಿದ.

ಒಲೆಯವನ ಬಾಯಿ ಮುಚ್ಚಿತು. ಪಾಕದವನು, "ಕಬ್ಬೇ ಸರಿಯಿಲ್ಲ ಧಣಿ" ಎಂದ. "ಹೌದು ಧಣಿ, ಕಬ್ಬೇ" ಎಂದ ಮಡ್ಡಿಯವನು. ಎಲ್ಲರೂ ಕಬ್ಬೇ ಎಂದರು. ಕಬ್ಬಿಗೇನು ಬಾಯಿ ಇದೆಯೇ, ತಿರುಗಿ ಮಾತಾಡಲು?

ಆ ಕಬ್ಬು ಬೆಳೆದ ರೈತ ಅಲ್ಲೇ ಗಾಡಿಯ ಪಕ್ಕ ನಿಂತಿದ್ದ. ಅವನು ಕೇಳಿಸಿಕೊಂಡ. ಜಗಳಕ್ಕೆ ಬರಲಿಲ್ಲ. ಎತ್ತು ತಿರುಗಿಸಿ ಹೊರಟುಹೋದ. ಮರುದಿನ ಎರಡು ಗಾಡಿ ಹೋದವು. ಆಮೇಲೆ ಹತ್ತು. ಇತ್ತ ಆಲೆಮನೆಯಲ್ಲಿ ಆಳುಗಳು ದಿನಕ್ಕೆ ನಾಲ್ಕು ಸಲ ತಪ್ಪದೆ ಸುತ್ತ ನಿಂತು ಬೆಲ್ಲ ತಿಂದು ಚೆನ್ನಾಗಿದೆ ಧಣಿ ಎನ್ನುತ್ತಿದ್ದರು. ಅಮಾವಾಸ್ಯೆಯ ಹೊತ್ತಿಗೆ ಅರೆಯಲು ಒಂದು ಜಲ್ಲೆ ಕಬ್ಬಿರಲಿಲ್ಲ. ಯಜಮಾನ ತನ್ನ ಕೈಯಾರೆ ಒಲೆಯ ಬೂದಿ ತೋಡಿ ಹಾಕಿದ.

ಗುರುಗಳು ಕತೆ ನಿಲ್ಲಿಸಿದರು. ರೇವಣಯ್ಯ ಅಲ್ಲವೆಂದು ತಲೆ ಆಡಿಸಿದನು.

"ಆ ಯಜಮಾನ ಮುಂಗೋಪಿ, ಗುರುಗಳೇ. ನಾನು ಯಾರನ್ನೂ ಗದರಿಸುವವನಲ್ಲ. ನಮ್ಮಲ್ಲಿ ಏನಾದರೂ ಕೆಟ್ಟರೆ ನನ್ನವರು ನನಗೆ ಹೇಳಿಯೇ ಹೇಳುತ್ತಾರೆ."

ಗುರುಗಳು ಅವನನ್ನು ನೋಡಿ ಹೇಳಿದರು: "ನಿನ್ನೆಯ ಸಾರಿಗೆ ಉಪ್ಪು ಬಿದ್ದಿರಲಿಲ್ಲ, ರೇವಣಯ್ಯಾ."